ಅಮೆರಿಕದ ಆರಂಭಿಕ ಗಣರಾಜ್ಯವನ್ನು ಲೆಕ್ಕ ಹಿಡಿದು ಓದುವ ಕ್ರಮ

ಪದವಿ ತರಗತಿಗಾಗಿಯೋ ಸ್ಪರ್ಧಾತ್ಮಕ ಪರೀಕ್ಷೆಗಾಗಿಯೋ ಅಮೆರಿಕದ ಇತಿಹಾಸವನ್ನು ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ 1787ರ ಸಂವಿಧಾನದಿಂದ ಓದು ಆರಂಭಿಸುತ್ತಾರೆ. ವಿಧಿಗಳನ್ನು ಬಾಯಿಪಾಠ ಮಾಡಿಕೊಂಡು 1790ರ ದಶಕಕ್ಕೆ ಕಾಲಿಟ್ಟೊಡನೆ ಅವರಿಗೆ ದಾರಿ ತಪ್ಪುತ್ತದೆ. ಅಲ್ಲಿ ಎದುರಾಗುವ ರಾಜಕೀಯ ಪಕ್ಷಗಳು, ಅಧ್ಯಕ್ಷರ ಸಂಪುಟ, ರಾಷ್ಟ್ರೀಯ ಬ್ಯಾಂಕು, ಕಾನೂನನ್ನು ರದ್ದುಪಡಿಸುವ ನ್ಯಾಯಾಲಯ ಇವು ಯಾವುವೂ ಬಾಯಿಪಾಠ ಮಾಡಿದ ಆ ಪಠ್ಯದಲ್ಲಿ ಇರುವುದಿಲ್ಲ. ಇವೆಲ್ಲ ಜಗಳಗಳಿಂದ ಹುಟ್ಟಿದವು, ಮತ್ತು ಆ ಜಗಳಗಳಲ್ಲಿ ಬಹುಪಾಲು ಲೆಕ್ಕದ ಜಗಳಗಳೇ ಆಗಿದ್ದವು. ಆದ್ದರಿಂದ ಸಂವಿಧಾನವನ್ನು ಸ್ವಲ್ಪ ಕಾಲ ಪಕ್ಕಕ್ಕಿಟ್ಟು ಲೆಕ್ಕದಿಂದ ಓದು ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಎಡಗಡೆಯ ಪುಟಕ್ಕೆ ‘ಹಣದ ಲೆಕ್ಕ’ ಎಂದೂ ಬಲಗಡೆಯ ಪುಟಕ್ಕೆ ‘ತಲೆಲೆಕ್ಕ’ ಎಂದೂ ಹೆಸರಿಡಿ. ಯಾರು ಕೊಡಬೇಕು, ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಎಡಗಡೆ ಬರೆಯಿರಿ. ಯಾರು ಎಣಿಕೆಗೆ ಸೇರುತ್ತಾರೆ, ಯಾರ ಮತಕ್ಕೆ ಎಷ್ಟು ತೂಕ ಎಂಬ ಪ್ರಶ್ನೆ ಬಂದಾಗ ಬಲಗಡೆ ಬರೆಯಿರಿ. ಒಂದೇ ಸಂಗತಿ ಎರಡೂ ಪುಟಗಳಲ್ಲಿ ಬರೆಯಬೇಕಾಗಿ ಬಂದರೆ ಅದರ ಕೆಳಗೆ ಗೆರೆ ಎಳೆಯಿರಿ, ಏಕೆಂದರೆ ಈ ಕಾಲದ ರಾಜಕೀಯದ ಗಂಟುಗಳು ಅಲ್ಲಿಯೇ ಬಿದ್ದಿರುತ್ತವೆ.

ಮೊದಲ ದಾಖಲೆ 1781ರದ್ದಾಗಿರಲಿ. ಆ ವರ್ಷದ ಮಾರ್ಚ್ 1ರಂದು ಹದಿಮೂರು ರಾಜ್ಯಗಳ ನಡುವಿನ ಒಕ್ಕೂಟದ ವಿಧಿಗಳು ಜಾರಿಗೆ ಬಂದವು. ಆ ವ್ಯವಸ್ಥೆಯಲ್ಲಿ ರಾಜ್ಯಗಳ ಪ್ರತಿನಿಧಿಗಳು ಸೇರುತ್ತಿದ್ದ ಕಾಂಗ್ರೆಸ್ ಎಂಬ ಕೇಂದ್ರ ಸಭೆಗೆ ಯುದ್ಧ ನಡೆಸುವ ಅಧಿಕಾರವಿತ್ತು, ಸಾಲ ಎತ್ತುವ ಅಧಿಕಾರವೂ ಇತ್ತು, ಆದರೆ ತೆರಿಗೆ ಹಾಕುವ ಅಧಿಕಾರ ಮಾತ್ರ ಇರಲಿಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಹಣ ಕಳುಹಿಸಿ ಎಂದು ಕೇಳಬಹುದಿತ್ತು, ಕೊಡದಿದ್ದರೆ ವಸೂಲು ಮಾಡುವ ದಾರಿ ಇರಲಿಲ್ಲ. ಆಮದು ಸರಕಿನ ಮೇಲೆ ಶೇಕಡಾ 5ರ ಸುಂಕ ಹಾಕಲು ಕಾಂಗ್ರೆಸ್ ಅದೇ ವರ್ಷ ಅನುಮತಿ ಬೇಡಿತು. ತಿದ್ದುಪಡಿಗೆ ಹದಿಮೂರೂ ರಾಜ್ಯಗಳು ಒಪ್ಪಬೇಕಿದ್ದುದರಿಂದ, 1782ರಲ್ಲಿ ರೋಡ್ ಐಲೆಂಡ್ ಎಂಬ ಅತಿ ಚಿಕ್ಕ ರಾಜ್ಯ ಒಲ್ಲೆ ಎಂದದ್ದೇ ಅದು ಬಿದ್ದುಹೋಗಲು ಸಾಕಾಯಿತು. 1783ರಲ್ಲಿ ಮತ್ತೆ ಮಾಡಿದ ಪ್ರಯತ್ನ ನ್ಯೂಯಾರ್ಕಿನಿಂದಾಗಿ ಕೆಟ್ಟಿತು.

ಇಲ್ಲಿ ಅಮೂರ್ತವಾದ ‘ಕೇಂದ್ರದ ದೌರ್ಬಲ್ಯ’ ಎಂಬ ಮಾತನ್ನು ಬರೆದು ಮುಂದೆ ಹೋಗಬೇಡಿ. ಒಬ್ಬ ಸೈನಿಕನ ಕೈಯಲ್ಲಿದ್ದ ಒಂದು ಸಾಲಪತ್ರದ ಹಿಂದೆ ಹೋಗಿ. ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದ ರೈತನೊಬ್ಬ ಯುದ್ಧಕ್ಕೆ ಹೋಗಿ ಬಂದಿದ್ದಾನೆ, ಸಂಬಳದ ಬದಲು ಅವನಿಗೆ ಮುಂದೆ ಹಣ ಕೊಡುವುದಾಗಿ ಬರೆದ ಕಾಗದ ಸಿಕ್ಕಿದೆ. ಮನೆಯ ಖರ್ಚಿಗೆ ಕಾಗದ ನಡೆಯುವುದಿಲ್ಲ, ಹಾಗಾಗಿ ಅವನು ಅದನ್ನು ಮುಖಬೆಲೆಯ ಸಣ್ಣ ಪಾಲಿಗೆ ವ್ಯಾಪಾರಿಗೆ ಮಾರಿಬಿಡುತ್ತಾನೆ. ಕೆಲವು ವರ್ಷಗಳ ಮೇಲೆ ರಾಜ್ಯ ಸರ್ಕಾರ ಅಂಥ ಕಾಗದಗಳಿಗೆ ಬಡ್ಡಿ ಕಟ್ಟಲೆಂದು ನಾಣ್ಯದಲ್ಲಿಯೇ ಸಲ್ಲಿಸಬೇಕಾದ ತೆರಿಗೆ ಹಾಕುತ್ತದೆ, ಆ ತೆರಿಗೆಯನ್ನು ಕೊಡಬೇಕಾದವನು ಅದೇ ರೈತ. ತನ್ನದೇ ಸಂಬಳದ ಕಾಗದಕ್ಕೆ ಇನ್ನೊಬ್ಬನಿಗೆ ಬಡ್ಡಿ ಕಟ್ಟಲಾಗದೆ ಜಮೀನು ಕಳೆದುಕೊಳ್ಳುವ ಸ್ಥಿತಿಗೆ ಬಂದವರು 1786ರಲ್ಲಿ ನ್ಯಾಯಾಲಯಗಳ ಬಾಗಿಲು ಮುಚ್ಚಿಸಿದರು, 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಮೇಲೆ ನುಗ್ಗಿದರು. ಪಠ್ಯಪುಸ್ತಕಗಳಲ್ಲಿ ಇದು ಡೇನಿಯಲ್ ಶೇಸ್‌ನ ದಂಗೆ ಎಂದು ಒಂದು ಸಾಲಿನಲ್ಲಿ ಬರುತ್ತದೆ. ಸಂವಿಧಾನವನ್ನು ರೂಪಿಸಿದ ಸಭೆಗೆಂದು ಫಿಲಡೆಲ್ಫಿಯಾದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ಸೇರಿದವರ ಮನಸ್ಸಿನಲ್ಲಿ ಮಾತ್ರ ಅದು ಒಂದು ಸಾಲಿನ ಸಂಗತಿಯಾಗಿರಲಿಲ್ಲ.

ಈಗ ಬಲಗಡೆಯ ಪುಟಕ್ಕೆ ಬನ್ನಿ. ಸಂವಿಧಾನದ ಮೊದಲನೆಯ ವಿಧಿಯ ಎರಡನೆಯ ಪ್ರಕರಣವನ್ನು ಮೂಲದಲ್ಲಿಯೇ ಓದಿ. ಪ್ರತಿನಿಧಿಗಳನ್ನೂ ನೇರ ತೆರಿಗೆಯನ್ನೂ ರಾಜ್ಯಗಳಿಗೆ ಹಂಚುವಾಗ ಸ್ವತಂತ್ರ ಜನರ ಸಂಖ್ಯೆಗೆ ‘ಇತರ ಎಲ್ಲ ವ್ಯಕ್ತಿಗಳ’ ಐದರಲ್ಲಿ ಮೂರು ಪಾಲನ್ನು ಸೇರಿಸಬೇಕು ಎಂದು ಅಲ್ಲಿದೆ. ತೆರಿಗೆ ಕಟ್ಟದ ಮೂಲನಿವಾಸಿಗಳು ಈ ಎಣಿಕೆಯಿಂದ ಪೂರ್ತಿ ಹೊರಗೆ. ‘ಗುಲಾಮ’ ಎಂಬ ಪದ ಆ ದಾಖಲೆಯಲ್ಲಿ ಎಲ್ಲಿಯೂ ಇಲ್ಲ, ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ನೀವು ಓದುವಾಗ ‘ಇತರ ವ್ಯಕ್ತಿಗಳು’ ಎಂಬಲ್ಲಿ ನಿಜವಾದ ಪದವನ್ನು ಅಂಚಿನಲ್ಲಿ ಬರೆದುಕೊಳ್ಳಿ, ಏಕೆಂದರೆ ಮುಚ್ಚಿಟ್ಟ ಪದವನ್ನು ಮುಚ್ಚಿಟ್ಟಂತೆಯೇ ಓದುತ್ತಾ ಹೋದರೆ ಮುಂದಿನ ಮೂವತ್ತು ವರ್ಷಗಳ ರಾಜಕೀಯ ಅರ್ಥವಾಗುವುದಿಲ್ಲ.

ಐದರಲ್ಲಿ ಮೂರು ಎಂಬ ಈ ಭಿನ್ನರಾಶಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದಲ್ಲ. 1783ರಲ್ಲಿ ಹಳೆಯ ಕಾಂಗ್ರೆಸ್, ರಾಜ್ಯಗಳು ಕೊಡಬೇಕಾದ ಹಣವನ್ನು ಜಮೀನಿನ ಬೆಲೆಯ ಬದಲು ಜನಸಂಖ್ಯೆಯ ಆಧಾರದ ಮೇಲೆ ಹಂಚೋಣ ಎಂದು ಸೂಚಿಸಿದಾಗ ಇದೇ ಭಿನ್ನರಾಶಿಯನ್ನು ಬಳಸಿತ್ತು. ಅದು ಹಣ ಕೊಡುವ ಲೆಕ್ಕವಾದ್ದರಿಂದ ಗುಲಾಮರನ್ನು ಕಡಿಮೆ ಎಣಿಸಬೇಕೆಂದು ದಕ್ಷಿಣದವರು ವಾದಿಸಿದರು, ಹೆಚ್ಚು ಎಣಿಸಬೇಕೆಂದು ಉತ್ತರದವರು ಹಟ ಹಿಡಿದರು. ನಾಲ್ಕು ವರ್ಷಗಳ ನಂತರ ಅದೇ ಎಣಿಕೆ ಪ್ರತಿನಿಧಿ ಸಭೆಯ ಸ್ಥಾನಗಳಿಗೆ ಬಂದಾಗ ಎರಡೂ ಕಡೆಯವರು ತಮ್ಮ ವಾದಗಳನ್ನು ಅದಲು ಬದಲು ಮಾಡಿಕೊಂಡರು. ಎಡಪುಟದಲ್ಲಿ ಹುಟ್ಟಿದ ಅಂಕಿ ಬಲಪುಟಕ್ಕೆ ದಾಟಿದ್ದು ಹೀಗೆ. ಇದರ ಕೆಳಗೆ ಗೆರೆ ಎಳೆಯಿರಿ.

ಇದರ ಪರಿಣಾಮವನ್ನು ತಿಳಿಯಲು ಯಾರ ವಿಶ್ಲೇಷಣೆಯನ್ನೂ ಓದಬೇಕಾಗಿಲ್ಲ, ಕಾಗದ ಮತ್ತು ಪೆನ್ಸಿಲ್ ಸಾಕು. 1790ರ ಮೊದಲ ಜನಗಣತಿಯಲ್ಲಿ ದೇಶದ ಒಟ್ಟು ಜನಸಂಖ್ಯೆ ಸುಮಾರು 39 ಲಕ್ಷ, ಅವರಲ್ಲಿ ಸುಮಾರು 7 ಲಕ್ಷ ಜನ ಗುಲಾಮರು. ವರ್ಜೀನಿಯಾದಲ್ಲಿ ಸ್ವತಂತ್ರ ಜನರು 4,54,983, ಗುಲಾಮರು 2,92,627. ಪೆನ್ಸಿಲ್ವೇನಿಯಾದಲ್ಲಿ ಸ್ವತಂತ್ರ ಜನರು ಸುಮಾರು 4 ಲಕ್ಷ 30 ಸಾವಿರ, ಗುಲಾಮರು ನಾಲ್ಕು ಸಾವಿರಕ್ಕಿಂತ ಕಡಿಮೆ. 1792ರ ಕಾನೂನಿನ ಪ್ರಕಾರ 33,000 ಜನರಿಗೆ ಒಬ್ಬ ಪ್ರತಿನಿಧಿ, ಉಳಿಕೆಗೆ ಏನೂ ಇಲ್ಲ. ವರ್ಜೀನಿಯಾದ ಗುಲಾಮರ ಸಂಖ್ಯೆಯನ್ನು ಐದರಲ್ಲಿ ಮೂರಕ್ಕೆ ಇಳಿಸಿದರೆ ಸುಮಾರು 1,75,576 ಆಗುತ್ತದೆ, ಸ್ವತಂತ್ರ ಜನರೊಡನೆ ಕೂಡಿಸಿದರೆ 6,30,559, ಅದನ್ನು 33,000ದಿಂದ ಭಾಗಿಸಿದರೆ 19 ಸ್ಥಾನ. ಪೆನ್ಸಿಲ್ವೇನಿಯಾಕ್ಕೆ ಅದೇ ಕ್ರಮದಲ್ಲಿ 13. ಗುಲಾಮರನ್ನು ಎಣಿಸದಿದ್ದರೆ ವರ್ಜೀನಿಯಾಕ್ಕೂ 13 ಸ್ಥಾನಗಳೇ ಬರುತ್ತಿದ್ದವು. ಮತದಾನದ ಹಕ್ಕಾಗಲಿ, ತಮ್ಮ ದೇಹದ ಮೇಲೆಯೇ ಹಕ್ಕಾಗಲಿ ಇಲ್ಲದ ಸುಮಾರು ಮೂರು ಲಕ್ಷ ಜನರ ಹೆಸರಿನಲ್ಲಿ, ಅವರನ್ನು ಒಡೆತನದಲ್ಲಿಟ್ಟುಕೊಂಡವರ ರಾಜ್ಯಕ್ಕೆ ಆರು ಹೆಚ್ಚುವರಿ ಸ್ಥಾನಗಳು ದೊರೆತವು. ಇದನ್ನು ಒಮ್ಮೆ ಸ್ವಂತ ಕೈಯಿಂದ ಲೆಕ್ಕ ಹಾಕಿದವರು ಆ ವಿಧಿಯನ್ನು ಮರೆಯಲಾರರು.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಚಲಾಯಿಸಿದ ಮೊತ್ತಮೊದಲ ವೀಟೊ ಕೂಡ ಇಂಥದೇ ಲೆಕ್ಕದ ಮೇಲೆ. ಉಳಿಕೆಗಳನ್ನು ನೋಡಿ ಎಂಟು ರಾಜ್ಯಗಳಿಗೆ ಒಂದೊಂದು ಹೆಚ್ಚಿನ ಸ್ಥಾನ ಕೊಟ್ಟಿದ್ದ ಹಿಂದಿನ ಮಸೂದೆಯನ್ನು 1792ರ ಏಪ್ರಿಲ್ 5ರಂದು ಅವರು ಹಿಂದಿರುಗಿಸಿದರು. ಹಣಕಾಸು ಸಚಿವ ಹ್ಯಾಮಿಲ್ಟನ್ ಸಹಿ ಹಾಕಿ ಎಂದಿದ್ದರು, ವಿದೇಶಾಂಗ ಸಚಿವ ಥಾಮಸ್ ಜೆಫರ್ಸನ್ ಬೇಡ ಎಂದಿದ್ದರು.

ಸಂವಿಧಾನದ ಅನುಮೋದನೆಯ ಕಥೆಯನ್ನು ಬೇಗ ದಾಟಬಹುದು, ಆದರೆ ಮತಗಳ ಅಂತರವನ್ನು ಮಾತ್ರ ಬರೆದುಕೊಳ್ಳಿ. ಮ್ಯಾಸಚೂಸೆಟ್ಸ್‌ನಲ್ಲಿ 187ಕ್ಕೆ 168, ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27, ಕೊನೆಯಲ್ಲಿ 1790ರ ಮೇ ತಿಂಗಳಲ್ಲಿ ರೋಡ್ ಐಲೆಂಡ್‌ನಲ್ಲಿ 34ಕ್ಕೆ 32. ಇಷ್ಟು ಕೂದಲೆಳೆಯ ಅಂತರದಲ್ಲಿ ಗೆದ್ದ ದಾಖಲೆಯನ್ನು ಆ ಕಾಲದವರು ಪವಿತ್ರ ಗ್ರಂಥದಂತೆ ಕಂಡಿರಲಿಕ್ಕಿಲ್ಲ ಎಂಬುದು ಇದರಿಂದಲೇ ಹೊಳೆಯುತ್ತದೆ. ಹಕ್ಕುಗಳ ಹತ್ತು ತಿದ್ದುಪಡಿಗಳು 1791ರ ಡಿಸೆಂಬರಿನಲ್ಲಿ ಜಾರಿಗೆ ಬಂದುದಕ್ಕೂ ಈ ಅಂತರಕ್ಕೂ ನೇರ ಸಂಬಂಧವಿದೆ.

ಎರಡೂ ಪುಟಗಳಿಗೆ ಸೇರದ ಕೆಲವು ಸಂಗತಿಗಳು ಬರುತ್ತವೆ, ಅವನ್ನು ಅಂಚಿನಲ್ಲಿ ‘ರೂಢಿ’ ಎಂದು ಗುರುತಿಸಿ. 1789ರ ಆಗಸ್ಟ್ 22ರ ಶನಿವಾರ ವಾಷಿಂಗ್ಟನ್, ಯುದ್ಧ ಸಚಿವ ನಾಕ್ಸ್ ಅವರೊಡನೆ ನ್ಯೂಯಾರ್ಕಿನ ಸೆನೆಟ್ ಸಭೆಗೆ ಸ್ವತಃ ಬಂದರು. ದಕ್ಷಿಣದ ಮೂಲನಿವಾಸಿ ಜನಾಂಗಗಳೊಡನೆ ಮಾಡಿಕೊಳ್ಳಬೇಕಾದ ಒಪ್ಪಂದದ ಬಗ್ಗೆ ಸೆನೆಟ್ಟಿನ ಸಲಹೆ ಕೇಳುವುದು ಅವರ ಉದ್ದೇಶವಾಗಿತ್ತು. ಸಂವಿಧಾನ ಹೇಳಿದ ‘ಸಲಹೆ ಮತ್ತು ಸಮ್ಮತಿ’ ಎಂದರೆ ಹೀಗೆ ಎದುರು ಕುಳಿತು ಮಾತಾಡುವುದು ಎಂದೇ ಅವರು ತಿಳಿದಿದ್ದರು. ಕಾಗದಗಳನ್ನು ಓದಿದಾಗ ಬೀದಿಯಲ್ಲಿ ಹೋಗುತ್ತಿದ್ದ ಬಂಡಿಗಳ ಸದ್ದಿಗೆ ಏನೂ ಕೇಳಿಸಲಿಲ್ಲವೆಂದು ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ವಿಷಯವನ್ನು ಸಮಿತಿಗೆ ಒಪ್ಪಿಸೋಣ ಎಂದು ಸದಸ್ಯರು ಹೇಳಿದಾಗ, ತಾವು ಬಂದ ಉದ್ದೇಶವೇ ಕೆಡುತ್ತದೆ ಎಂದು ವಾಷಿಂಗ್ಟನ್ ಸಿಟ್ಟಾದರು. ಸೋಮವಾರ ಮತ್ತೊಮ್ಮೆ ಬಂದು ಕೆಲಸ ಮುಗಿಸಿಕೊಂಡು ಹೋದವರು ಮುಂದೆ ಹೀಗೆ ಸಲಹೆ ಕೇಳಲು ಬರಲಿಲ್ಲ. ಅಧ್ಯಕ್ಷರು ಮೊದಲು ಒಪ್ಪಂದ ಮಾಡಿಕೊಂಡು ಆಮೇಲೆ ಸಮ್ಮತಿಗೆ ಕಳುಹಿಸುವ ಪದ್ಧತಿ ಬೇರೂರಿತು. ಪಠ್ಯದ ಒಂದು ಅಕ್ಷರವೂ ಬದಲಾಗದೆ ಅದರ ಅರ್ಥ ಬದಲಾದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣದು.

ಈಗ ಈ ಓದಿನ ಅತಿ ಸಮೃದ್ಧವಾದ ಭಾಗಕ್ಕೆ, ಅಂದರೆ 1790ರ ಜನವರಿಯಲ್ಲಿ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮಂಡಿಸಿದ ಸಾರ್ವಜನಿಕ ಸಾಲದ ವರದಿಗೆ ಹೆಚ್ಚಿನ ಸಮಯ ಕೊಡಿ. ಒಕ್ಕೂಟದ ಸಾಲ ಸುಮಾರು 5 ಕೋಟಿ 40 ಲಕ್ಷ ಡಾಲರ್, ರಾಜ್ಯಗಳ ಸಾಲ ಸುಮಾರು 2 ಕೋಟಿ 50 ಲಕ್ಷ ಡಾಲರ್ ಎಂದು ಅವರು ಅಂದಾಜು ಮಾಡಿದ್ದರು. ಸಾಲಪತ್ರ ಈಗ ಯಾರ ಕೈಯಲ್ಲಿದೆಯೋ ಅವರಿಗೆ ಪೂರ್ತಿ ಸಲ್ಲಬೇಕು, ರಾಜ್ಯಗಳ ಸಾಲವನ್ನೂ ಕೇಂದ್ರವೇ ಹೊರಬೇಕು ಎಂಬ ಎರಡು ಸಲಹೆಗಳು ಅದರ ತಿರುಳು. ಇಲ್ಲಿ ನಮ್ಮ ಆ ಸೈನಿಕನ ಕಾಗದವನ್ನು ಮತ್ತೆ ನೆನೆಯಿರಿ. ಮೊದಲು ಪಡೆದವನಿಗೂ ಒಂದು ಪಾಲು ಸಿಗಲಿ ಎಂದು ಜೇಮ್ಸ್ ಮ್ಯಾಡಿಸನ್ ಪ್ರತಿನಿಧಿ ಸಭೆಯಲ್ಲಿ ವಾದಿಸಿದರು, 36ಕ್ಕೆ 13 ಮತಗಳಿಂದ ಸೋತರು. ಎರಡು ವರ್ಷಗಳ ಹಿಂದೆ ಇದೇ ಮ್ಯಾಡಿಸನ್ ಮತ್ತು ಹ್ಯಾಮಿಲ್ಟನ್, ಜಾನ್ ಜೇ ಜೊತೆಗೂಡಿ, ಸಂವಿಧಾನದ ಪರವಾಗಿ ಒಂದೇ ಗುಪ್ತನಾಮದಲ್ಲಿ 85 ಲೇಖನಗಳನ್ನು ಬರೆದಿದ್ದರು. ಪಕ್ಷಗಳು ಹುಟ್ಟಿದ ದಿನ ಯಾವುದು ಎಂದು ಪರೀಕ್ಷೆಯಲ್ಲಿ ಕೇಳುವುದುಂಟು. ಅಂಥ ಒಂದು ದಿನವಿಲ್ಲ, ಆದರೆ ಒಡಕಿನ ಮೊದಲ ಗೆರೆ ಈ ಸಾಲಪತ್ರದ ಮೇಲೆಯೇ ಮೂಡಿತು ಎಂದು ನಾನು ಬರೆಯುತ್ತೇನೆ.

ರಾಜ್ಯಗಳ ಸಾಲ ಹೊರುವ ಪ್ರಸ್ತಾಪ ಏಪ್ರಿಲಿನಲ್ಲಿ 31ಕ್ಕೆ 29 ಮತಗಳಿಂದ ಬಿದ್ದಿತು. ಜೂನಿನಲ್ಲಿ ಜೆಫರ್ಸನ್ ಮನೆಯ ಊಟದಲ್ಲಿ ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ರಾಜಿಗೆ ಬಂದರು, ಸಾಲಕ್ಕೆ ದಕ್ಷಿಣದ ಕೆಲವು ಮತಗಳು, ಅದಕ್ಕೆ ಪ್ರತಿಯಾಗಿ ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ರಾಜಧಾನಿ, ಎಂಬುದು ಪ್ರಸಿದ್ಧ ಕಥೆ. ಜುಲೈ 16ರಂದು ರಾಜಧಾನಿಯ ಕಾನೂನೂ ಆಗಸ್ಟ್ 4ರಂದು ಸಾಲದ ಕಾನೂನೂ ಆದದ್ದು ನಿಜ. ಆದರೆ ಊಟದ ವಿವರ ನಮಗೆ ಬಂದಿರುವುದು ಜೆಫರ್ಸನ್ ಬರಹದಿಂದ, ಅದೂ ಅವರು ಹ್ಯಾಮಿಲ್ಟನ್ನರ ಕಡು ವಿರೋಧಿಯಾದ ಮೇಲೆ ಬರೆದದ್ದು. ಇಂಥ ಕಡೆ ಪಕ್ಕದಲ್ಲಿ ‘ಹೇಳಿದವರು ಯಾರು, ಯಾವಾಗ’ ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಮ್ಯಾಡಿಸನ್ ಬರೆದ ಫಿಲಡೆಲ್ಫಿಯಾ ಸಭೆಯ ಟಿಪ್ಪಣಿಗಳಿಗೂ ಇದೇ ಎಚ್ಚರ ಬೇಕು. ಅವು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1840ರಲ್ಲಿ, ಮತ್ತು ಬದುಕಿದ್ದಾಗ ಅವರು ಅವನ್ನು ತಿದ್ದಿದ್ದರು. ಈ ನಾಯಕರ ಪತ್ರಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ, ತಾರೀಖು ಹಾಕಿ ಹುಡುಕಬಹುದು. ಒಂದೇ ವಾರದಲ್ಲಿ ಇಬ್ಬರು ವಿರೋಧಿಗಳು ಬರೆದ ಪತ್ರಗಳನ್ನು ಜೊತೆಗಿಟ್ಟು ಓದಿದರೆ ಹತ್ತು ಪುಟದ ವ್ಯಾಖ್ಯಾನಕ್ಕಿಂತ ಹೆಚ್ಚು ತಿಳಿಯುತ್ತದೆ.

ಹಾಗೆ ಜೊತೆಗಿಟ್ಟು ಓದಲು ಅತ್ಯುತ್ತಮವಾದವು 1791ರ ಫೆಬ್ರವರಿಯ ಎರಡು ಅಭಿಪ್ರಾಯಗಳು. ಇಪ್ಪತ್ತು ವರ್ಷಗಳ ಸನದಿನ ಮೇಲೆ ರಾಷ್ಟ್ರೀಯ ಬ್ಯಾಂಕು ಸ್ಥಾಪಿಸುವ ಮಸೂದೆಗೆ ಸಹಿ ಹಾಕಬಹುದೇ ಎಂದು ವಾಷಿಂಗ್ಟನ್ ಕೇಳಿದಾಗ, ಕಾಂಗ್ರೆಸ್ ‘ಅಗತ್ಯ’ವಾದ ಕಾನೂನುಗಳನ್ನು ಮಾಡಬಹುದೆಂಬ ಸಂವಿಧಾನದ ಮಾತಿನಲ್ಲಿ ‘ಅಗತ್ಯ’ ಎಂದರೆ ಅದಿಲ್ಲದೆ ನಡೆಯದು ಎಂದರ್ಥ, ಬ್ಯಾಂಕಿಲ್ಲದೆ ನಡೆಯುತ್ತದೆ, ಆದ್ದರಿಂದ ಸಲ್ಲದು ಎಂದು ಜೆಫರ್ಸನ್ ಉತ್ತರಿಸಿದರು. ‘ಅಗತ್ಯ’ ಎಂದರೆ ಉದ್ದೇಶಕ್ಕೆ ಉಪಯುಕ್ತ, ಅನುಕೂಲ ಎಂದೂ ಆಗುತ್ತದೆ ಎಂದು ಹ್ಯಾಮಿಲ್ಟನ್ ಬರೆದರು. ವಾಷಿಂಗ್ಟನ್ ಫೆಬ್ರವರಿ 25ರಂದು ಸಹಿ ಹಾಕಿದರು.

ಪಕ್ಷಗಳ ಹೆಸರುಗಳಲ್ಲಿ ಎಡವುವವರು ಬಹಳ. 1788ರಲ್ಲಿ ಸಂವಿಧಾನದ ಪರವಿದ್ದವರೆಲ್ಲರೂ ಫೆಡರಲಿಸ್ಟರು, ಮ್ಯಾಡಿಸನ್ ಕೂಡ. 1790ರ ದಶಕದ ಫೆಡರಲಿಸ್ಟ್ ಪಕ್ಷ ಬೇರೆ, ಅದು ಹ್ಯಾಮಿಲ್ಟನ್ ಮತ್ತು ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಅವರದು, ಮ್ಯಾಡಿಸನ್ ಅದರ ಎದುರಾಳಿ. ಜೆಫರ್ಸನ್ ಪಕ್ಷದವರು ತಮ್ಮನ್ನು ರಿಪಬ್ಲಿಕನ್ನರು ಎಂದು ಕರೆದುಕೊಂಡರು, ಇಂದಿನ ರಿಪಬ್ಲಿಕನ್ ಪಕ್ಷ 1854ರಲ್ಲಿ ಹುಟ್ಟಿದ್ದು. ಈ ಗೊಂದಲ ತಪ್ಪಿಸಲು ಹೆಸರಿನ ಜೊತೆಗೆ ವರ್ಷವನ್ನೂ ಬರೆಯಿರಿ.

ಎರಡೂ ಪಕ್ಷಗಳಿಗೆ ಪತ್ರಿಕೆಗಳಿದ್ದವು. ಜೆಫರ್ಸನ್ ಕಡೆಯ ಪತ್ರಿಕೆಯನ್ನು 1791ರಿಂದ ನಡೆಸಿದ ಕವಿ ಫಿಲಿಪ್ ಫ್ರೆನೋಗೆ ನಮ್ಮ ನೆಲದೊಡನೆ ದೂರದ ನಂಟೊಂದಿದೆ. 1782ರಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆ ಬ್ರಿಟಿಷರ ನೌಕೆಯೊಂದನ್ನು ಸೆರೆಹಿಡಿದಾಗ ಅವನು ಅದರ ಮೇಲೆ ಪದ್ಯ ಕಟ್ಟಿದ. ಗೆದ್ದ ಆ ನೌಕೆಯ ಹೆಸರು ‘ಹೈದರ್ ಅಲಿ’, ಬ್ರಿಟಿಷರ ವಿರುದ್ಧ ಮೈಸೂರಿನಲ್ಲಿ ಹೋರಾಡುತ್ತಿದ್ದ ಅದೇ ಹೈದರ್ ಅಲಿಯದು. ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರ ಎದುರು ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತಿದ್ದನೆಂಬುದನ್ನು ನೆನೆದರೆ ಈ ಎರಡು ಚರಿತ್ರೆಗಳು ಅಷ್ಟು ದೂರದವಲ್ಲ ಎನಿಸುತ್ತದೆ.

1798ರಲ್ಲಿ ಫೆಡರಲಿಸ್ಟರ ಕಾಂಗ್ರೆಸ್ ರಾಜದ್ರೋಹದ ಕಾನೂನು ತಂದಿತು. ಇದನ್ನು ಓದುವಾಗ ಕಾನೂನು ಯಾರಿಗೆ ರಕ್ಷಣೆ ಕೊಟ್ಟಿದೆ ಎಂದು ನೋಡಿ. ಅಧ್ಯಕ್ಷರನ್ನೂ ಕಾಂಗ್ರೆಸ್ಸನ್ನೂ ನಿಂದಿಸುವುದು ಅಪರಾಧ, ಉಪಾಧ್ಯಕ್ಷರನ್ನು ನಿಂದಿಸುವುದು ಅಪರಾಧವಲ್ಲ, ಆಗ ಉಪಾಧ್ಯಕ್ಷರಾಗಿದ್ದವರು ಜೆಫರ್ಸನ್. ಕಾನೂನಿನ ಅವಧಿ 1801ರ ಮಾರ್ಚ್ 3ಕ್ಕೆ, ಅಂದರೆ ಮುಂದಿನ ಅಧ್ಯಕ್ಷರು ಬರುವ ಹಿಂದಿನ ದಿನಕ್ಕೆ, ಮುಗಿಯುವಂತೆ ಬರೆದಿದ್ದರು. ವರ್ಮಾಂಟಿನ ಪ್ರತಿನಿಧಿ ಮ್ಯಾಥ್ಯೂ ಲಯನ್ ಇದರಡಿ ನಾಲ್ಕು ತಿಂಗಳು ಸೆರೆಮನೆಗೆ ಹೋದರು, ಅಲ್ಲಿಂದಲೇ ಮತ್ತೆ ಚುನಾಯಿತರಾದರು. ಈ ಹೆಸರನ್ನು ನೆನಪಿಡಿ.

1800ರ ಚುನಾವಣೆಗೆ ಬಲಪುಟವನ್ನು ಪೂರ್ತಿ ಬಿಟ್ಟುಕೊಡಿ. ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿ ಎಲೆಕ್ಟರ್ ಇಬ್ಬರಿಗೆ ಮತ ಹಾಕಬೇಕು, ಅಧ್ಯಕ್ಷ ಯಾರು ಉಪಾಧ್ಯಕ್ಷ ಯಾರು ಎಂದು ಬೇರೆ ಮಾಡಿ ಬರೆಯುವಂತಿಲ್ಲ. ಎಲೆಕ್ಟರ್‌ಗಳನ್ನು ಆರಿಸುವ ಕ್ರಮವನ್ನು ಪ್ರತಿ ರಾಜ್ಯದ ಶಾಸನಸಭೆ ತನಗೆ ಬೇಕಾದಂತೆ ಗೊತ್ತುಮಾಡಬಹುದಿತ್ತು. ಜೆಫರ್ಸನ್ನರ ವರ್ಜೀನಿಯಾ ಗೆದ್ದವರಿಗೆ ಎಲ್ಲ ಮತಗಳೂ ಸಿಗುವಂತೆ ನಿಯಮ ಬದಲಿಸಿತು, ಆಡಮ್ಸ್ ಅವರ ಮ್ಯಾಸಚೂಸೆಟ್ಸ್ ಆಯ್ಕೆಯನ್ನು ಜನರಿಂದ ಕಿತ್ತು ಶಾಸನಸಭೆಗೆ ಕೊಟ್ಟಿತು. ಫಲಿತಾಂಶ ಜೆಫರ್ಸನ್ 73, ಅದೇ ಪಕ್ಷದ ಆರನ್ ಬರ್ 73, ಆಡಮ್ಸ್ 65. ಜೆಫರ್ಸನ್ ಮತ್ತು ಆಡಮ್ಸ್ ನಡುವಿನ ಅಂತರ ಎಂಟು. ವರ್ಜೀನಿಯಾ ಒಂದರಲ್ಲಿಯೇ ಆರು ಹೆಚ್ಚುವರಿ ಸ್ಥಾನಗಳಿದ್ದವೆಂದು ಮೇಲೆ ಲೆಕ್ಕ ಹಾಕಿದ್ದೀರಿ, ಸ್ಥಾನಗಳಷ್ಟೇ ಎಲೆಕ್ಟರ್‌ಗಳೂ ಹೆಚ್ಚು. ಉಳಿದ ದಕ್ಷಿಣ ರಾಜ್ಯಗಳಿಗೂ ಅದೇ ಲೆಕ್ಕವನ್ನು ನೀವೇ ಮಾಡಿ, ಮೇರಿಲ್ಯಾಂಡ್ ಮತ್ತು ಉತ್ತರ ಕೆರೊಲಿನಾದಲ್ಲಿ ಮತಗಳು ಹಂಚಿಹೋಗಿದ್ದವೆಂಬುದನ್ನು ಮರೆಯದಿರಿ.

ಜೆಫರ್ಸನ್ ಮತ್ತು ಬರ್ ಇಬ್ಬರಿಗೂ ಸಮ ಮತ ಬಂದುದರಿಂದ ತೀರ್ಮಾನ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದೇ ಮತ, ಹದಿನಾರರಲ್ಲಿ ಒಂಬತ್ತು ಬೇಕು. 1801ರ ಫೆಬ್ರವರಿ 11ರಂದು ಮೊದಲ ಸುತ್ತಿನಲ್ಲಿ ಜೆಫರ್ಸನ್‌ಗೆ ಎಂಟು, ಬರ್‌ಗೆ ಆರು, ವರ್ಮಾಂಟ್ ಮತ್ತು ಮೇರಿಲ್ಯಾಂಡ್ ಒಳಗೊಳಗೇ ಇಬ್ಭಾಗ. ಮೂವತ್ತೈದು ಸುತ್ತು ಹೀಗೆಯೇ ಕಳೆಯಿತು. ಫೆಬ್ರವರಿ 17ರ ಮೂವತ್ತಾರನೆಯ ಸುತ್ತಿನಲ್ಲಿ ಡೆಲವೇರಿನ ಏಕೈಕ ಪ್ರತಿನಿಧಿ, ಫೆಡರಲಿಸ್ಟ್ ಜೇಮ್ಸ್ ಬೇಯರ್ಡ್ ಖಾಲಿ ಚೀಟಿ ಹಾಕಿದರು. ವರ್ಮಾಂಟಿನ ಫೆಡರಲಿಸ್ಟ್ ಸದಸ್ಯ ಸಭೆಯಿಂದ ಹೊರಗುಳಿದುದರಿಂದ ಆ ರಾಜ್ಯದ ಮತ ಹಾಕುವ ಹಕ್ಕು ಇನ್ನೊಬ್ಬ ಸದಸ್ಯರೊಬ್ಬರಿಗೇ ಉಳಿಯಿತು, ಅವರು ಸೆರೆಮನೆಯಿಂದ ಗೆದ್ದುಬಂದಿದ್ದ ಮ್ಯಾಥ್ಯೂ ಲಯನ್. ಇಬ್ಭಾಗವಾಗಿದ್ದ ಮೇರಿಲ್ಯಾಂಡೂ ಸೇರಿ ಜೆಫರ್ಸನ್‌ಗೆ ಹತ್ತು ರಾಜ್ಯಗಳಾದವು. ಈ ತೊಡಕು ಮರುಕಳಿಸದಂತೆ 1804ರಲ್ಲಿ ಹನ್ನೆರಡನೆಯ ತಿದ್ದುಪಡಿ ಬಂದಿತು. ಬಲಪುಟದಲ್ಲಿ ಇನ್ನೊಂದು ಸಾಲನ್ನೂ ಸೇರಿಸಿ: ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಮಹಿಳೆಯರು ಆ ಕಾಲದಲ್ಲಿ ಮತ ಹಾಕುತ್ತಿದ್ದರು, 1807ರಲ್ಲಿ ಆ ಹಕ್ಕನ್ನು ಕಸಿದುಕೊಳ್ಳಲಾಯಿತು.

ಸಂವಿಧಾನಕ್ಕೆ ಒಗ್ಗದ ಕಾನೂನನ್ನು ನ್ಯಾಯಾಲಯ ರದ್ದುಪಡಿಸಬಹುದೆಂದ 1803ರ ಮಾರ್ಬರಿ ತೀರ್ಪನ್ನು ಎಲ್ಲ ಪುಸ್ತಕಗಳೂ ವಿವರಿಸುತ್ತವೆ, ನಾನು ಅದನ್ನು ಬೆಳೆಸುವುದಿಲ್ಲ. ಅದೇ ವರ್ಷ ಫ್ರಾನ್ಸಿನಿಂದ ಮಾಡಿದ ಲೂಸಿಯಾನಾ ಪ್ರದೇಶದ ಖರೀದಿಯನ್ನು ಮಾತ್ರ ಎಡಪುಟದಲ್ಲಿ ಎಚ್ಚರಿಕೆಯಿಂದ ಬರೆಯಿರಿ. ಬ್ಯಾಂಕಿಗೆ ಸಂವಿಧಾನದಲ್ಲಿ ಅವಕಾಶವಿಲ್ಲವೆಂದಿದ್ದ ಜೆಫರ್ಸನ್, ಭೂಮಿ ಖರೀದಿಗೂ ಸ್ಪಷ್ಟ ಅವಕಾಶವಿಲ್ಲವೆಂದು ಒಳಗೊಳಗೆ ಅಳುಕಿ, ಕೊನೆಗೆ 1 ಕೋಟಿ 50 ಲಕ್ಷ ಡಾಲರಿಗೆ ದೇಶದ ವಿಸ್ತಾರವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದರು. ಆ ಮೊತ್ತದಲ್ಲಿ 1 ಕೋಟಿ 12 ಲಕ್ಷದ 50 ಸಾವಿರ ಡಾಲರನ್ನು ಶೇಕಡಾ 6ರ ಬಡ್ಡಿಯ ಸಾಲಪತ್ರಗಳಲ್ಲಿ ಕೊಟ್ಟರು. ಅಮೆರಿಕದ ಕಾಗದವನ್ನು ಯುರೋಪಿನ ಬ್ಯಾಂಕರುಗಳು ನಂಬಿ ಕೊಳ್ಳುವಂತಾದದ್ದು ಹ್ಯಾಮಿಲ್ಟನ್ನರ 1790ರ ವ್ಯವಸ್ಥೆಯಿಂದ.

ಓದನ್ನು ಎಲ್ಲಿ ನಿಲ್ಲಿಸಬೇಕು ಎಂದು ಕೇಳುವವರಿಗೆ, ಪ್ರತಿ ಪುಟದಲ್ಲಿ ಒಂದೊಂದು ಕೊನೆಯ ದಾಖಲೆಯನ್ನು ಸೂಚಿಸುತ್ತೇನೆ. ಎಡಪುಟದಲ್ಲಿ, 1811ರಲ್ಲಿ ಬ್ಯಾಂಕಿನ ಸನದನ್ನು ನವೀಕರಿಸುವ ಮಸೂದೆ ಸೆನೆಟ್ಟಿನಲ್ಲಿ 17ಕ್ಕೆ 17 ಆಗಿ, ಉಪಾಧ್ಯಕ್ಷ ಜಾರ್ಜ್ ಕ್ಲಿಂಟನ್ ಅವರ ನಿರ್ಣಾಯಕ ಮತದಿಂದ ಬಿದ್ದದ್ದನ್ನು ಬರೆಯಿರಿ. ಅದರ ಕೆಳಗೆ, ಬ್ರಿಟನ್ನಿನೊಡನೆ ಯುದ್ಧ ನಡೆದು ಬೊಕ್ಕಸ ಬರಿದಾದ ಮೇಲೆ 1816ರ ಏಪ್ರಿಲ್ 10ರಂದು ಎರಡನೆಯ ಬ್ಯಾಂಕಿನ ಕಾನೂನಿಗೆ ಬಿದ್ದ ಸಹಿಯನ್ನು ಬರೆಯಿರಿ. ಆ ಸಹಿ 1791ರಲ್ಲಿ ಮೊದಲ ಬ್ಯಾಂಕನ್ನು ಸಭೆಯಲ್ಲಿ ವಿರೋಧಿಸಿದ್ದ ಜೇಮ್ಸ್ ಮ್ಯಾಡಿಸನ್ ಅವರದು. ಬಲಪುಟದಲ್ಲಿ, ಮಿಸೌರಿಯನ್ನು ಗುಲಾಮಗಿರಿಯ ರಾಜ್ಯವಾಗಿ ಸೇರಿಸಬೇಕೇ ಎಂಬ ವಿವಾದ 1819ರಲ್ಲಿ ಎದ್ದಾಗ, ಐದರಲ್ಲಿ ಮೂರರ ನಿಯಮ ಮೂಲ ರಾಜ್ಯಗಳಿಗೆ ಕೊಟ್ಟ ರಿಯಾಯಿತಿಯೇ ಹೊರತು ಹೊಸ ರಾಜ್ಯಗಳಿಗೆ ಅದನ್ನು ಹಬ್ಬಿಸಕೂಡದು ಎಂದು ಸೆನೆಟ್ಟಿನಲ್ಲಿ ವಾದಿಸಿದ ನ್ಯೂಯಾರ್ಕಿನ ರೂಫಸ್ ಕಿಂಗ್ ಅವರ ಹೆಸರನ್ನು ಬರೆಯಿರಿ. 1787ರ ಸೆಪ್ಟೆಂಬರ್ 17ರಂದು ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿಯ ಪಟ್ಟಿಯನ್ನು ಈಗ ತೆರೆದರೆ, ಮ್ಯಾಡಿಸನ್ ಮತ್ತು ಕಿಂಗ್ ಇಬ್ಬರ ಹೆಸರೂ ಅದರಲ್ಲಿ ಸಿಗುತ್ತವೆ.